ಬೇಗ ಬನ್ನಿ ಅಂದವರು ನೀವೇ ಅಲ್ವಾ?

ವಿಮಾನ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ವಿಮಾನ ನಿಲ್ದಾಣಕ್ಕೆ ಬೇಗ ಬಂದವರ ಬ್ಯಾಗ್ ತೆಗೆದುಕೊಳ್ಳದೆ ಎಲ್ಲರೆದುರು ಅವಮಾನ ಮಾಡಿದ್ದರ ಬಗ್ಗೆ

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಸಮಾಧಾನವಾಗಿಯೇ ಮಾತಾಡಿದೆ. ನಿನ್ನೆ ನಿಮ್ಮವರು 'ಫ್ಲೈಟ್ ಟೈಮಿಗೆ ಸರಿಯಾಗಿ ಹೊರಟಿದೆಯಲ್ಲ ಸರ್, ಮತ್ತೇನು ತೊಂದರೆ' ಅಂತ ಕೇಳಿ ದೂರನ್ನೇ ಮುಚ್ಚಿಬಿಟ್ಟರು. ಅದಕ್ಕೇ ಈ ಪತ್ರ.

ರಾತ್ರಿ 10:30ರ ಫ್ಲೈಟ್. 4 ಗಂಟೆ ಮೊದಲೇ ಬನ್ನಿ ಅಂತ ಮೆಸೇಜ್ ಕಳಿಸಿದವರು ನೀವು. ನಮಗೆ ಹೊಂದುವ ರೈಲು ಒಂದೇ ಇದ್ದಿದ್ದರಿಂದ ನಾನು ಮತ್ತು 71 ವರ್ಷದ ಅಮ್ಮ 4:30ಕ್ಕೇ ತಲುಪಿದೆವು. ಮೊದಲ ಎರಡು ಗಂಟೆ ಕಾದಿದ್ದು ನಮ್ಮ ಪಾಡು, ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಸರಿಯಾಗಿ 6:30ಕ್ಕೆ ಕೌಂಟರಿಗೆ ಹೋದೆ. ಸಾಲಿನಲ್ಲಿ ಯಾರೂ ಇರಲಿಲ್ಲ. ಕಂಪ್ಯೂಟರ್ ಆನ್ ಆಗಿತ್ತು, ನಿಮ್ಮ ಸಿಬ್ಬಂದಿ ಇಬ್ಬರು ಕೂತಿದ್ದರು. 'ಬ್ಯಾಗ್ 7:30ಕ್ಕೆ' ಅಂದರು ಒಬ್ಬರು, ತಲೆ ಎತ್ತದೆ. ಮೆಸೇಜ್ ತೋರಿಸಿದೆ. 'ಅದು ನಾವು ಕಳಿಸಿದ್ದಲ್ಲ.' ಹಾಗಾದರೆ ಅಮ್ಮನಿಗೆ ಬುಕ್ ಮಾಡಿದ್ದ ವೀಲ್‌ಚೇರ್ ಆದರೂ ಕೊಡಿ, ಮಂಡಿ ನೋವಿದೆ ಅಂದೆ. 'ಬ್ಯಾಗ್ ಕೊಟ್ಟಮೇಲೆ ವೀಲ್‌ಚೇರ್.' ಒಂದು ಕುರ್ಚಿ? 'ಕುರ್ಚಿ ಎಲ್ಲ ಸೆಕ್ಯುರಿಟಿ ಆಚೆ ಇವೆ.' ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಸೆಕ್ಯುರಿಟಿ ದಾಟೋದು ಹೇಗೆ ಅಂತ ಕೇಳಿದ್ದಕ್ಕೆ ಅವರು ಮೊದಲ ಸಲ ನನ್ನ ಮುಖ ನೋಡಿ, ಪಕ್ಕದ ಕೌಂಟರಿನ ಸಾಲಿಗೂ ಕೇಳುವಷ್ಟು ಜೋರಾಗಿ, 'ಇಷ್ಟು ಬೇಗ ಬರೋಕೆ ನಿಮಗೆ ಯಾರ್ರೀ ಹೇಳಿದ್ದು?' ಅಂದರು. ಆ ಸಾಲಿನಲ್ಲಿದ್ದವರು ನಕ್ಕರು. ಮೆಸೇಜ್ ತೆರೆದಿದ್ದ ಫೋನ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಆಮೇಲೆ ಅಮ್ಮ ಟಾಯ್ಲೆಟ್‌ಗೆ ಹೋಗಬೇಕು ಅಂದರು. ಬ್ಯಾಗ್ ಬಿಟ್ಟು ಹೋಗಬೇಡಿ, ಬೇರೆಯವರ ಬ್ಯಾಗ್ ನೋಡಿಕೊಳ್ಳಬೇಡಿ ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರು, ಅದು ಸರಿಯಾದ ನಿಯಮವೇ. ಟ್ರಾಲಿ ಬಿಟ್ಟು ನಾನು ಕದಲುವ ಹಾಗಿರಲಿಲ್ಲ. 'ಬಿಡೋ, ನಾನೇ ಹೋಗಿ ಬರ್ತೀನಿ' ಅಂದು ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹೋದರು. ವಾಪಸ್ ಬರಲು 20 ನಿಮಿಷ ಹಿಡಿಯಿತು. ಮತ್ತೆ ಎದ್ದು ಹೋಗಬೇಕಾಗುತ್ತೆ ಅಂತ ಆಮೇಲೆ ನೀರೇ ಕುಡಿಯಲಿಲ್ಲ. ಸೂಟ್‌ಕೇಸ್ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು.

ಕೌಂಟರ್ 3 ಗಂಟೆ ಮೊದಲು ತೆರೆಯುತ್ತೆ ಅಂತ ನಿಮ್ಮ ನಿಯಮದಲ್ಲೇ ಇದೆ. ನಿಮ್ಮ ನಿಯಮ ನಿಮಗೆ ಗೊತ್ತಿರಬೇಕು. ಹಾಗಿದ್ದರೆ 4 ಗಂಟೆ ಅಂತ ಯಾಕೆ ಬರೆಯುತ್ತೀರಿ? ಒಂದು ಗಂಟೆ ಜನರನ್ನು ಸುಮ್ನೆ ನಿಲ್ಲಿಸೋಕಾ? ಸಿಂಗಪುರದ ಚಾಂಗಿಯಂಥ ನಿಲ್ದಾಣದಲ್ಲಿ ಎಷ್ಟೋ ಕಂಪನಿಗಳು ಬೇಗ ಬಂದವರ ಬ್ಯಾಗ್ ಮೊದಲೇ ತೆಗೆದುಕೊಳ್ಳುತ್ತವೆ. ಅಷ್ಟು ಜಾಸ್ತಿ ನಾನು ಕೇಳುತ್ತಿಲ್ಲ. ಮೆಸೇಜ್ ತಿದ್ದಿ, ಇಲ್ಲ ಕೌಂಟರ್ ಒಂದು ಗಂಟೆ ಮೊದಲು ತೆರೆಯಿರಿ. ಅಮ್ಮನಿಗೆ ಲಿಖಿತವಾಗಿ ಕ್ಷಮೆ ಕೇಳಿ. ನನಗಲ್ಲ, ಅಮ್ಮನಿಗೆ.

15 ದಿನ ಕಾಯುತ್ತೇನೆ. ಆ ಮೆಸೇಜ್, 6:42ಕ್ಕೆ ತೆಗೆದ, ಸಾಲೇ ಇಲ್ಲದ ಕೌಂಟರಿನ ಫೋಟೊ, ಮೂರು ದೂರು ಸಂಖ್ಯೆ ಎಲ್ಲವೂ ನನ್ನ ಹತ್ತಿರ ಇವೆ. 16ನೇ ದಿನ ಅವು ಗ್ರಾಹಕ ನ್ಯಾಯಾಲಯದಲ್ಲಿರುತ್ತವೆ. ಅಲ್ಲಿ ನಿಮ್ಮವರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿ, ಬೇಗ ಬರೋಕೆ ಯಾರು ಹೇಳಿದ್ದು ಅಂತ.

ಇಂತಿ,
ನಿಮ್ಮ ಮೆಸೇಜ್ ನಂಬಿ ಬಂದ ಪ್ರಯಾಣಿಕ