ಮಗಳಿಗೊಂದು ಪತ್ರ: ಆ ಹುಡುಗ ನಿಜವಾಗಿ ಬದಲಾಗಿದ್ದಾನಾ?

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಗುರುವಾರ ಬಂತು. ಮೆಸ್ಸಿನ ನೀರು ಸಾರು, ಹರಿದ ಸೊಳ್ಳೆ ಪರದೆ, ಗಣಿತದ ಟೆಸ್ಟು, ಇದಕ್ಕೆಲ್ಲ ಇನ್ನೊಂದು ಹಾಳೆಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಈ ಪತ್ರ ಪೂರ್ತಿ ಆ ಹುಡುಗನ ವಿಷಯಕ್ಕೆ. ನೀನು ಪುಟಗಟ್ಟಲೆ ಬರೆದಿರುವುದು ನೋಡಿದರೆ ಅದು ನಿನ್ನ ತಲೆ ಕೊರೆಯುತ್ತಿದೆ ಅಂತ ಗೊತ್ತಾಗುತ್ತದೆ.

ಎಂಟನೇ ಕ್ಲಾಸಿನಿಂದ ಸಿಕ್ಕಿದವರನ್ನೆಲ್ಲ ಗೋಳು ಹೊಯ್ದುಕೊಂಡವನು ಹತ್ತನೇ ಕ್ಲಾಸಿಗೆ ಬಂದವನೇ ತೀರಾ ಮೆತ್ತಗಾಗಿದ್ದಾನೆ. ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ಮೈಕು ಜೋಡಿಸುತ್ತಾನೆ. ಮೆಸ್ಸಿನಲ್ಲಿ ಬಡಿಸಲು ನಿಲ್ಲುತ್ತಾನೆ. ಹೊಸದಾಗಿ ಸೇರಿದ ಚಿಕ್ಕ ಮಕ್ಕಳ ಟ್ರಂಕು ಹೊತ್ತು ಮಹಡಿಗೆ ತಲುಪಿಸುತ್ತಾನೆ. ಈಗ ನಿನ್ನ ಹತ್ತಿರ ಬಂದು, 'ನಾನು ಮೊದಲಿನ ಥರ ಇಲ್ಲ ಅಂತ ಕ್ಲಾಸಿಗೆ ನೀನೇ ಒಂದು ಮಾತು ಹೇಳು. ಲೀಡರ್ ಹೇಳಿದರೆ ಎಲ್ಲರೂ ನಂಬುತ್ತಾರೆ' ಅಂದಿದ್ದಾನೆ. ನಿನ್ನ ಗೆಳತಿಯರು 'ಎಲ್ಲಾ ನಾಟಕ ಕಣೇ' ಅನ್ನುತ್ತಾರೆ. ಅಜ್ಜಿಯನ್ನು ಕೇಳಿದರೆ 'ಹುಟ್ಟುಗುಣ ಸುಟ್ಟರೂ ಹೋಗಲ್ಲ' ಅಂದರಂತೆ.

ಅಜ್ಜಿಯ ಮೇಲೆ ನನಗೆ ಎಷ್ಟೇ ಗೌರವ ಇದ್ದರೂ ಈ ಮಾತನ್ನು ಒಪ್ಪುವುದಿಲ್ಲ. ಇನ್ನೊಬ್ಬರನ್ನು ಅಣಕಿಸುವುದು ಹುಟ್ಟುಗುಣ ಅಲ್ಲ. ಎಲ್ಲೋ ನೋಡಿ ಕಲಿತದ್ದು. ಅದರಿಂದ ಲಾಭ ಇದೆ ಅಂತ ಗೊತ್ತಾದ ಮೇಲೆ ರೂಢಿಯಾದದ್ದು. ಕಲಿತದ್ದನ್ನು ಬಿಡಬಹುದು. ಹದಿನೈದು ವರ್ಷದ ಹುಡುಗನಿಗೆ 'ನೀನು ಇಷ್ಟೇ' ಅಂತ ಮುದ್ರೆ ಒತ್ತುವುದು ಅನ್ಯಾಯ.

ನಮ್ಮ ಕಾನೂನು ಕೂಡ ಹಾಗೆ ಮುದ್ರೆ ಒತ್ತುವುದಿಲ್ಲ. ತಪ್ಪು ಮಾಡಿದ ಆರೋಪ ಇರುವ ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿಗೆ ನಾನು ಆಗಾಗ ಹೋಗುವುದು ನಿನಗೆ ಗೊತ್ತಲ್ಲ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಾ ಸದಸ್ಯರು ಕೂರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಕಟಕಟೆ ಇಲ್ಲ. ಮಗುವನ್ನು ದೂಷಿಸುವ ಮಾತು ಆಡುವ ಹಾಗಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲಿ ಹದಿನಾರು ತತ್ವಗಳಿವೆ. ಅದರಲ್ಲಿ ಒಂದು, ಮಗುವಿಗೆ ಹೊಸದಾಗಿ ಶುರು ಮಾಡುವ ಅವಕಾಶ ಕೊಡಬೇಕು, ವಿಶೇಷ ಸಂದರ್ಭ ಬಿಟ್ಟರೆ ಹಳೆಯ ದಾಖಲೆಗಳನ್ನು ಅಳಿಸಬೇಕು ಅನ್ನುತ್ತದೆ. ಕೇಸು ಮುಗಿದ ಮೇಲೆ ಪೊಲೀಸರು ನಡತೆಯ ಪ್ರಮಾಣಪತ್ರಕ್ಕಾಗಿ ಸಹ ಆ ದಾಖಲೆಯನ್ನು ಹೊರಗೆ ಬಿಡುವಂತಿಲ್ಲ.

ಅಲ್ಲಿಗೆ ಬಂದಿದ್ದ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಯಾವ ಊರು, ಯಾರ ಮಗ ಅಂತ ನಿನಗೂ ಹೇಳುವ ಹಾಗಿಲ್ಲ. ಅಪ್ಪನ ಪಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದ. ಸ್ಕೂಲ್ ಬ್ಯಾಗಿನ ಜಿಪ್ಪನ್ನು ಅರ್ಧ ಎಳೆಯುವುದು, ಮತ್ತೆ ಮುಚ್ಚುವುದು, ಅದನ್ನೇ ಮಾಡುತ್ತಿದ್ದ. ನಾನು ಹತ್ತಿರ ಹೋದಾಗ ಅವನು ಕೇಳಿದ ಮೊದಲ ಪ್ರಶ್ನೆ: 'ಮೇಡಂ, ಇದು ನನ್ನ ಟಿ.ಸಿ.ಯಲ್ಲಿ ಬರುತ್ತಾ?' ಬರುವುದಿಲ್ಲ ಅಂದೆ. ಅವನ ಅಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಒಳಗೆ ಹೋದಾಗ ಮಂಡಳಿಯ ಸದಸ್ಯೆ ಬೈಯಲಿಲ್ಲ, ಬುದ್ಧಿಮಾತೂ ಹೇಳಲಿಲ್ಲ. 'ನೀನು ಹೊಡೆದೆಯಲ್ಲ, ಆ ಹುಡುಗ ಈಗ ಶಾಲೆಗೆ ಬರುತ್ತಿದ್ದಾನಾ?' ಅಂತ ಕೇಳಿದರು. ಇವನಿಗೆ ಗೊತ್ತೇ ಇರಲಿಲ್ಲ. ತನ್ನ ಟಿ.ಸಿ., ತನ್ನ ಹೆಸರು, ತನ್ನ ಮುಂದಿನ ಕಾಲೇಜು, ಅದರಾಚೆ ಅವನ ಯೋಚನೆ ಹೋಗಿರಲೇ ಇಲ್ಲ.

ಪುಟ್ಟಿ, ನಿನ್ನ ಪತ್ರ ಓದುವಾಗ ನನಗೆ ಆ ಪ್ರಶ್ನೆಯೇ ನೆನಪಾಯಿತು. ನೀನು ಬೇರೆ ಏನನ್ನೋ ಹೇಳುತ್ತಾ ನಡುವೆ ಒಂದು ಸಾಲು ಬರೆದಿದ್ದೀಯ. ನಿಮ್ಮ ಕ್ಲಾಸಿನಲ್ಲಿ ಮಾತು ತೊದಲುವ ಹುಡುಗ ಈಗಲೂ ಹಾಜರಿ ಕೂಗುವಾಗ ಬಾಯಿ ಬಿಡುವುದಿಲ್ಲ, ಸುಮ್ನೆ ಕೈ ಎತ್ತುತ್ತಾನೆ ಅಂತ. ಒಂಬತ್ತನೇ ಕ್ಲಾಸಿನಲ್ಲಿ ಅವನು ಪಾಠ ಓದಲು ಎದ್ದು ನಿಂತಾಗಲೆಲ್ಲ, ಈಗ ಮೆತ್ತಗಾಗಿರುವ ಇವನು ಹಿಂದಿನ ಬೆಂಚಿನಿಂದ ಅದೇ ಥರ ತೊದಲಿ ತೋರಿಸುತ್ತಿದ್ದ. ಅಡ್ಡಹೆಸರನ್ನೂ ಇಟ್ಟ. ಆ ಹೆಸರು ಈಗ ಆರನೇ ಕ್ಲಾಸಿನ ಮಕ್ಕಳ ಬಾಯಲ್ಲೂ ಇದೆ ಅಂತ ನೀನೇ ಬರೆದಿದ್ದೀಯ. ನನಗೆ ತುಂಬಾ ಸಂಕಟ ಆದದ್ದು ಅದನ್ನು ಓದಿ.

ಮೈಕು ಜೋಡಿಸುವುದು, ಟ್ರಂಕು ಹೊರುವುದು ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಹಾಕಿ ನೋಡು. ಇವನ ಒಳ್ಳೆಯತನ ಪ್ರಾರ್ಥನೆಯ ವೇದಿಕೆಗೆ ಹೋಗಿದೆ, ಮೆಸ್ಸಿಗೆ ಹೋಗಿದೆ, ವಾರ್ಡನ್ ಕಣ್ಣಿಗೆ ಬಿದ್ದಿದೆ, ನಿನ್ನ ತನಕವೂ ಬಂದಿದೆ. ಯಾರಿಗೆ ಏಟು ಬಿದ್ದಿತ್ತೋ ಅವನ ಬೆಂಚಿಗೆ ಮಾತ್ರ ಇನ್ನೂ ತಲುಪಿಲ್ಲ. ಅದಕ್ಕೇ ನಿನ್ನ ಗೆಳತಿಯರ ಅನುಮಾನವನ್ನೂ ನಾನು ತಪ್ಪು ಅನ್ನುವುದಿಲ್ಲ.

ಅಂಗುಲಿಮಾಲನ ಕಥೆ ನೀನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೀಯ. ಬುದ್ಧ ಎದುರಾದ, ದರೋಡೆಕೋರ ಕತ್ತಿ ಬಿಸುಟ, ಭಿಕ್ಷುವಾದ. ಹೆಚ್ಚಿನವರು ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕಥೆ ಇನ್ನೂ ಇದೆ. ಭಿಕ್ಷುವಾದ ಮೇಲೆ ಅವನು ಭಿಕ್ಷಾಪಾತ್ರೆ ಹಿಡಿದು ಶ್ರಾವಸ್ತಿಗೆ ಹೋಗುತ್ತಾನೆ. ಅಲ್ಲಿ ಅವನ ಮೇಲೆ ಕಲ್ಲು, ಹೆಂಟೆ, ಕೋಲು ಬೀಳುತ್ತವೆ. ತಲೆ ಒಡೆದು ರಕ್ತ ಸುರಿಯುತ್ತಾ, ಪಾತ್ರೆ ಮುರಿದು, ಚೀವರ ಹರಿದು ವಾಪಸ್ ಬರುತ್ತಾನೆ. ಬುದ್ಧ ಊರಿನವರನ್ನು ಬೈಯಲು ಹೋಗುವುದಿಲ್ಲ. 'ಇವನು ಬದಲಾಗಿದ್ದಾನೆ, ನಂಬಿ' ಅಂತ ಡಂಗುರ ಹೊಡೆಸುವುದೂ ಇಲ್ಲ. ತಾಳಿಕೋ, ಇದು ನೀನು ಮಾಡಿದ್ದರ ಫಲ ಅಂತ ಅವನಿಗೇ ಹೇಳುತ್ತಾನೆ. ನನಗೆ ಕತ್ತಿ ಬಿಸುಟ ಭಾಗಕ್ಕಿಂತ ಈ ಭಾಗವೇ ಜಾಸ್ತಿ ನಿಜ ಅನ್ನಿಸುತ್ತದೆ. ಕಲ್ಲು ಹೊಡೆಯುವುದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ತಮ್ಮವರನ್ನು ಕಳೆದುಕೊಂಡ ಊರು ಒಂದೇ ದಿನಕ್ಕೆ ಕೈ ಮುಗಿಯಬೇಕು ಅಂತ ಕೇಳುವುದೂ ಸರಿಯಲ್ಲ. ಗುಣ ಮೊದಲು ಬದಲಾಗುತ್ತದೆ, ಹೆಸರು ತುಂಬಾ ತಡವಾಗಿ ಬದಲಾಗುತ್ತದೆ. ಆ ನಡುವಿನ ದಿನಗಳನ್ನು ಗೊಣಗದೆ ಕಳೆಯಬೇಕಾದವನು ಅವನೇ.

ಈಗ ನಿನ್ನ ಪಾಲಿನ ಕೆಲಸಕ್ಕೆ ಬರುತ್ತೇನೆ.

ಅವನ ಪರವಾಗಿ ನೀನು ಕ್ಲಾಸಿಗೆ ಏನೂ ಹೇಳಬೇಡ. ಅದು ಅವನ ಮೇಲಿನ ಸಿಟ್ಟಿಗಲ್ಲ. ಆ ಮಾತು ಹೇಳುವ ಹಕ್ಕು ನಿನ್ನದಲ್ಲ. ನಿನ್ನನ್ನು ಅವನು ಅಷ್ಟಾಗಿ ಕಾಡಿಸಿರಲಿಲ್ಲ. ನೋವು ತಿಂದವನು ಇನ್ನೂ ಕೈ ಮಾತ್ರ ಎತ್ತುತ್ತಿರುವಾಗ ನೀನು ಎದ್ದು ನಿಂತು 'ಎಲ್ಲ ಸರಿಹೋಯಿತು' ಅಂದರೆ ಅವನಿಗೆ ಹೇಗಾಗಬಹುದು? ತನ್ನ ಲೆಕ್ಕವನ್ನು ತನ್ನನ್ನು ಕೇಳದೆ ಯಾರೋ ಚುಕ್ತಾ ಮಾಡಿಬಿಟ್ಟರು ಅನ್ನಿಸುವುದಿಲ್ಲವಾ?

ಇವನಿಗೆ ನೇರವಾಗಿ ಹೇಳು. ಮೆತ್ತಗೆ, ಆದರೆ ತಪ್ಪು ತಿಳಿಯಲು ಜಾಗ ಇಲ್ಲದ ಹಾಗೆ. 'ನೀನು ಪ್ರಯತ್ನ ಪಡುತ್ತಿರುವುದು ಕಾಣುತ್ತಿದೆ. ನಾನು ಏನೂ ಹೇಳುವುದಿಲ್ಲ. ಮೊದಲು ಅವನ ಹತ್ತಿರ ಹೋಗು.' ಹೋಗುವಾಗಲೂ ಒಂದು ರೀತಿ ಇದೆ. ಎಲ್ಲರ ಮುಂದೆ ಸಾರಿ ಕೇಳಿದರೆ ಆ ಹುಡುಗ ಕಕ್ಕಾಬಿಕ್ಕಿಯಾಗುತ್ತಾನೆ. ಸುತ್ತ ಜನ ನಿಂತು ನೋಡುವಾಗ 'ಪರವಾಗಿಲ್ಲ' ಅನ್ನದೆ ಬೇರೆ ದಾರಿ ಇರುವುದಿಲ್ಲ. ಒಬ್ಬನೇ ಹೋಗಬೇಕು. ಮಾಡಿದ್ದು ಏನು ಅಂತ ಹೆಸರಿಟ್ಟು ಹೇಳಬೇಕು: 'ನೀನು ಓದುವಾಗ ನಾನು ಅಣಕಿಸಿದೆ. ಆ ಅಡ್ಡಹೆಸರು ಇಟ್ಟದ್ದು ನಾನು.' ಉತ್ತರ ಕೇಳಬಾರದು. ಅವನು ಮುಖ ತಿರುಗಿಸಿಕೊಂಡು ಹೋದರೆ ಅದಕ್ಕೂ ಸಿದ್ಧ ಇರಬೇಕು.

ಅದಾದ ಮೇಲೆ ಆ ಅಡ್ಡಹೆಸರು. ಅದನ್ನು ಹುಟ್ಟಿಸಿದವನು ಇವನು, ನಿಲ್ಲಿಸಬೇಕಾದವನೂ ಇವನೇ. ಆರನೇ ಕ್ಲಾಸಿನವನೊಬ್ಬ ಹಾಗೆ ಕೂಗಿದಾಗ ಇವನು ಎದುರಿಗೇ 'ಹಾಗೆ ಕರೆಯಬೇಡ ಕಣೋ, ಅವನಿಗೆ ಹೆಸರಿದೆ' ಅನ್ನಲಿ. ಹಳೆಯ ಗ್ಯಾಂಗಿನ ಮುಂದೆಯೂ ಅನ್ನಲಿ. ಆಗ ಗೆಳೆಯರು ಇವನನ್ನೇ ನೋಡಿ ನಗುತ್ತಾರೆ. ಟ್ರಂಕು ಹೊತ್ತರೆ ಶಹಬ್ಬಾಸ್ ಸಿಗುತ್ತದೆ, ಇದಕ್ಕೆ ಬೈಗುಳ ಸಿಗುತ್ತದೆ. ಬೈಗುಳ ಸಿಗುವ ಕಡೆಯೂ ನಿಂತರೆ ಅವನು ನಿಜವಾಗಿ ಬದಲಾಗುತ್ತಿದ್ದಾನೆ ಅಂತ ನಾನು ನಂಬುತ್ತೇನೆ.

ಇನ್ನೊಂದು ವಿಷಯ ಇಡೀ ಕ್ಲಾಸಿಗೆ ಸೇರಿದ್ದು. ಆ ದಿನಗಳಲ್ಲಿ ಅಣಕಿಸಿದವನು ಒಬ್ಬ. ನಕ್ಕವರು ಎಷ್ಟು ಜನ? ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಲ್ಮಿವಾಲಿ ಅನ್ನುವ ಮನಃಶಾಸ್ತ್ರಜ್ಞೆ ಇದ್ದಾರೆ. ಶಾಲೆಗಳಲ್ಲಿ ಇಂಥ ಕಾಟ ನಡೆಯುವಾಗ ಸುತ್ತಲಿನ ಮಕ್ಕಳು ಏನು ಮಾಡುತ್ತಾರೆ ಅನ್ನುವುದನ್ನು ಅವರು ಮತ್ತು ಅವರ ಜೊತೆಯವರು 1996ರಲ್ಲಿ ಬರೆದರು. ಕೈಜೋಡಿಸುವವರು ಕೆಲವರು. ಕೈ ಹಚ್ಚದೆ, ನಕ್ಕು ಹುರಿದುಂಬಿಸುವವರು ಕೆಲವರು. ನಮಗ್ಯಾಕೆ ಅಂತ ದೂರ ನಿಲ್ಲುವವರು ಇನ್ನು ಕೆಲವರು. ಪಕ್ಕ ಹೋಗಿ ನಿಲ್ಲುವವರೂ ಇರುತ್ತಾರೆ. ಇದರ ಮೇಲೆಯೇ ಅವರು ಕಿವಾ ಅನ್ನುವ ಕಾರ್ಯಕ್ರಮ ಕಟ್ಟಿದರು. 2009ರಿಂದ ಅದು ಫಿನ್‌ಲೆಂಡಿನ ಶಾಲೆಗಳಿಗೆ ಹರಡಿತು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಕ್ರಮ. ಕಾಟ ಕೊಟ್ಟವನನ್ನು ಕರೆದು ಮಾತಾಡುವುದರ ಜೊತೆಗೆ, ಕ್ಲಾಸಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಒಳ್ಳೆಯ ಮಕ್ಕಳನ್ನೂ ಮೇಷ್ಟ್ರು ಕರೆದು, ಆ ನೊಂದ ಮಗುವಿನ ಜೊತೆ ಇರಿ ಅಂತ ಹೇಳುತ್ತಾರೆ.

ಅಂಥ ಮಕ್ಕಳಲ್ಲಿ ನೀನೂ ಒಬ್ಬಳು. ಮೇಷ್ಟ್ರು ಕರೆಯಲಿ ಅಂತ ಕಾಯಬೇಡ. ಗೆಳತಿಯರನ್ನು ಕರೆದುಕೊಂಡು ಮೆಸ್ಸಿನಲ್ಲಿ ಆ ಹುಡುಗ ಕೂರುವ ಟೇಬಲ್ಲಿಗೆ ಹೋಗಿ. ಅವನು ಮಾತಾಡುವಾಗ ಪದ ಸಿಕ್ಕಿಕೊಂಡರೆ ನೀವು ಪೂರ್ತಿ ಮಾಡಬೇಡಿ. 'ನಿಧಾನಕ್ಕೆ ಹೇಳು' ಅಂತಲೂ ಹೇಳಬೇಡಿ. ಮುಖ ನೋಡುತ್ತಾ ಕಾಯಿರಿ, ಅಷ್ಟೇ. ತೊದಲಿಗೂ ಬುದ್ಧಿಗೂ ಸಂಬಂಧ ಇಲ್ಲ. ಇದನ್ನು ನಿಮ್ಮ ಕ್ಲಾಸಿಗೆ ಯಾರೂ ಸರಿಯಾಗಿ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ.

ಬದಲಾಗಲು ಹೊರಟವನಿಗೂ ನೀವು ಮಾಡಬಹುದಾದದ್ದು ಇದೆ. ಅವನನ್ನು 'ರೌಡಿ' ಅಂತ ಕರೆಯುವುದನ್ನು ನಿಲ್ಲಿಸಿ. ಕ್ಲಾಸಿನಲ್ಲಿ ಏನೇ ಕಳೆದುಹೋದರೂ ಮೊದಲು ಅವನ ಮುಖ ನೋಡುವುದನ್ನು ನಿಲ್ಲಿಸಿ. ಸದಾ ಕಳ್ಳನ ಥರ ನೋಡಿಸಿಕೊಂಡವನಿಗೆ, ಒಳ್ಳೆಯವನಾಗಿ ಏನು ಸಿಕ್ಕಿತು ಅನ್ನಿಸಿಬಿಡುತ್ತದೆ. ಹಳೆಯ ಗ್ಯಾಂಗು ಬಾಗಿಲಲ್ಲೇ ಕಾಯುತ್ತಿರುತ್ತದೆ. ಕೆಲಸ ಕೇಳಿದರೆ ಕೊಡಿ. ಆಟಕ್ಕೆ ಬಂದರೆ ಸೇರಿಸಿಕೊಳ್ಳಿ. ಕ್ಷಮಿಸದೆಯೂ ಇಷ್ಟನ್ನು ಮಾಡಬಹುದು.

ಪುಟ್ಟಿ, ಇದನ್ನು ಮಾತ್ರ ಎರಡು ಸಲ ಓದು. ಅವನನ್ನು ತಿದ್ದುವ ಜವಾಬ್ದಾರಿ ನಿನ್ನದಲ್ಲ. ನಿನ್ನ ಜೊತೆ ಒಳ್ಳೆಯದಾಗಿ ನಡೆದುಕೊಂಡ ಅನ್ನುವುದಕ್ಕೆ ನೀನು ಅವನಿಗೆ ಏನೂ ಬಾಕಿ ಇಲ್ಲ. 'ನೀನೊಬ್ಬಳೇ ನನ್ನನ್ನು ಅರ್ಥ ಮಾಡಿಕೊಂಡವಳು, ನೀನು ಮಾತು ಬಿಟ್ಟರೆ ಮತ್ತೆ ಮೊದಲಿನ ಹಾಗೆ ಆಗ್ತೀನಿ' ಅನ್ನುವ ಥರದ ಮಾತು ಬಂದರೆ ಅಲ್ಲಿಂದ ಎದ್ದು ಬಾ. ಹೆಣ್ಣುಮಕ್ಕಳ ತಲೆಗೆ ಇಂಥ ಹೊರೆ ಕಟ್ಟುವುದು ನಮ್ಮಲ್ಲಿ ತೀರಾ ಸಲೀಸು. ಹುಡುಗ ಕೆಟ್ಟರೂ ಅವಳೇ ಕಾರಣ, ಸುಧಾರಿಸಿದರೂ ಅವಳದೇ ಕೆಲಸ. ನಾನು ನಿನ್ನನ್ನು ಅದಕ್ಕೆ ಬೆಳೆಸಿಲ್ಲ.

ಅವನು ಎಂದಾದರೂ ಸಿಟ್ಟಿನಲ್ಲಿ ಒಂದು ಕೆಟ್ಟ ಮಾತು ಆಡಿದ ಅಂತಿಟ್ಟುಕೋ. ಅಷ್ಟಕ್ಕೇ 'ನೋಡಿದ್ಯಾ, ನಾಟಕ' ಅಂತ ತೀರ್ಪು ಕೊಡಬೇಡ. ಹಳೆ ಚಾಳಿ ಒಂದೇ ಏಟಿಗೆ ಹೋಗುವುದಿಲ್ಲ, ಎಡವಿದ ಮೇಲೆ ಅವನು ಏನು ಮಾಡುತ್ತಾನೆ ನೋಡು. ಆದರೆ ಕೈ ಎತ್ತಿದರೆ, ದುಡ್ಡು ಕಿತ್ತುಕೊಂಡರೆ, ಹೆದರಿಸಿದರೆ, ಯಾರದ್ದಾದರೂ ಫೋಟೊ ತೆಗೆದು ಆಟ ಆಡಿಸಿದರೆ ಕಾಯಬೇಡ. ಆವತ್ತೇ ವಾರ್ಡನ್ ಅವರಿಗೂ ಹೆಡ್ ಮಿಸ್ ಅವರಿಗೂ ಹೇಳು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಆಫೀಸಿನ ಫೋನಿನಿಂದ 1098ಕ್ಕೆ ಮಾಡು, ಅದು ಮಕ್ಕಳ ಸಹಾಯವಾಣಿ, ದುಡ್ಡು ಬೇಕಾಗಿಲ್ಲ. ನನಗೆ ಯಾವ ಹೊತ್ತಿಗಾದರೂ ಮಾಡು. ಅದು ಚಾಡಿ ಹೇಳಿದ ಹಾಗಲ್ಲ.

ಎರಡನೇ ಶನಿವಾರ ನಾನೂ ಅಪ್ಪನೂ ಶಾಲೆಗೆ ಬರುತ್ತೇವೆ. ಕ್ಲಾಸ್ ಟೀಚರ್ ಹತ್ತಿರ ನಾನೇ ಮಾತಾಡುತ್ತೇನೆ. ಹಾಜರಿ ಕೂಗುವಾಗ ಆ ಹುಡುಗ ಕೈ ಎತ್ತಿದರೆ ಸಾಕು ಅಂತ ಬಿಡುವುದು ದಯೆಯ ಥರ ಕಂಡರೂ, ಅವನು ಬಾಯಿ ಬಿಡದೆ ಇರುವುದನ್ನೇ ಎಲ್ಲರೂ ಒಪ್ಪಿಕೊಂಡ ಹಾಗಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ತೊದಲಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ. ಅವನ ಅಪ್ಪ ಅಮ್ಮನಿಗೆ ಅದು ಗೊತ್ತಿದೆಯೋ ಇಲ್ಲವೋ. ಅವರನ್ನು ಭೇಟಿ ಮಾಡಲು ನಾನು ಸಿದ್ಧ. ಆದರೆ ಅದಕ್ಕೆ ಮೊದಲು ನೀನು ಅವನನ್ನೇ ಕೇಳು, ನಾನು ಈ ವಿಷಯ ಎತ್ತುವುದು ಅವನಿಗೆ ಇಷ್ಟವಾ ಅಂತ. ಬೇಡ ಅಂದರೆ ನಾನು ಬಾಯಿ ಬಿಡುವುದಿಲ್ಲ. ಅವನು ಏನು ಹೇಳಿದ ಅಂತ ಶುಕ್ರವಾರದ ಫೋನಿನಲ್ಲಿ ತಿಳಿಸು.

ಪ್ರೀತಿಯಿಂದ,
ಅಮ್ಮ