ಪ್ರವಾಹ ಅಪಾಯ ನಕ್ಷೆಯನ್ನು ಹೊಸದಾಗಿ ಮಾಡಿಸಿ: ಜಲಾನಯನ ಪ್ರದೇಶದ ಮುಖ್ಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಮನೆಯೊಳಗೆ ನದಿಯ ನೀರು ನುಗ್ಗಿದ್ದು ಮೂರು ಸಲ. ಮೂರನೆಯ ಸಲ ನೀರು ಇಳಿದ ಮೇಲೆ ನಡುಮನೆಯ ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಕೆಸರಿನ ಗೆರೆಯೊಂದು ಉಳಿಯಿತು. ಅದರ ಮೇಲೆ ಬಣ್ಣ ಬಳಿಸದೆ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಸರ್ಕಾರಿ ನಕ್ಷೆಯ ಪ್ರಕಾರ ಆ ಜಾಗಕ್ಕೆ ನೀರು ಬರುವುದೇ ಇಲ್ಲ.

ಪರಿಹಾರ ಕೋರಿ ಕಚೇರಿಗೆ ಹೋದಾಗ ಅಲ್ಲಿನ ಸಿಬ್ಬಂದಿ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು, ನೀಲಿ ಬಣ್ಣದ ವಲಯ ನಮ್ಮ ಹಿತ್ತಲ ಗೋಡೆಗೆ ಮುಂಚೆಯೇ ನಿಲ್ಲುವುದನ್ನು ಬೆರಳಿಟ್ಟು ತೋರಿಸಿ, ‘ವಲಯದ ಹೊರಗಿದೆ’ ಎಂದು ಅರ್ಜಿಯ ಮೇಲೆ ಷರಾ ಬರೆದರು. ಒಂದಕ್ಕೊಂದು ಅಂಟಿಕೊಂಡು ಇನ್ನೂ ಒಣಗದ ಮನೆಪತ್ರಗಳು ಆಗ ನನ್ನ ಕೈಯಲ್ಲೇ ಇದ್ದವು. ಗೋಡೆಯ ಗೆರೆಯ ಫೋಟೊ ತೋರಿಸಿದರೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಇದು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ, ಇನ್ನು ಚಿಂತೆ ಬೇಡ ಎಂದು ಹೇಳಿ ಕಳುಹಿಸಿದರು. ಇಷ್ಟು ವರ್ಷ ಸಹಿಸಿಕೊಂಡಿದ್ದವಳು ಈ ಪತ್ರ ಬರೆಯುವಂತಾದದ್ದು ಆ ಎರಡು ಪದಗಳ ಷರಾದಿಂದ.

ನೂರು ವರ್ಷದ ಪ್ರವಾಹವೆಂದರೆ ಯಾವುದೇ ವರ್ಷ ಬರಲು ಶೇ. 1ರಷ್ಟು ಸಂಭವವಿರುವ ಪ್ರವಾಹ ಎಂಬುದು ತಮಗೆ ತಿಳಿಯದ್ದಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳುವವರಿಗೆ ಆ ಸಂಭವ ಸುಮಾರು ಶೇ. 26ಕ್ಕೆ ಏರುತ್ತದೆ. ಇದನ್ನು ತಮ್ಮ ಸಿಬ್ಬಂದಿಗೆ ಯಾರೂ ಹೇಳಿಕೊಟ್ಟಿಲ್ಲವೇ?

ಆ ನಕ್ಷೆಯ ಮೂಲೆಯ ಟಿಪ್ಪಣಿಯನ್ನು ನಾನು ಓದಿದ್ದೇನೆ. ನೆಲದ ಎತ್ತರದ ಮಾಹಿತಿಯನ್ನು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ನಡೆದ ಎಸ್‌ಆರ್‌ಟಿಎಂ ರೇಡಾರ್ ಸಮೀಕ್ಷೆಯಿಂದ ತೆಗೆದುಕೊಳ್ಳಲಾಗಿದೆ. ಅದರಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ. ನಮ್ಮ ಮನೆ, ನೆರೆಮನೆ, ನಡುವಿನ ಚರಂಡಿ, ಮುಂದಿನ ರಸ್ತೆ ಎಲ್ಲ ಸೇರಿ ಒಂದು ಅಂಕಿ. ಮರಗಳ ನೆತ್ತಿ, ಕಟ್ಟಡಗಳ ಮಾಡುಗಳೂ ಆ ಅಂಕಿಯಲ್ಲಿ ಬೆರೆತಿರುವುದರಿಂದ ಎತ್ತರ ಹಲವು ಮೀಟರ್ ತಪ್ಪಿರಬಹುದು, ಆದರೆ ನಮ್ಮನ್ನು ಮನೆ ಬಿಡಿಸಲು ಒಂದು ಮೀಟರ್ ನೀರು ಸಾಕು. ವಿಮಾನದಿಂದ ಲೇಸರ್ ಹಾಯಿಸಿ ಅಳೆಯುವ ಲೈಡಾರ್ ಸಮೀಕ್ಷೆಯಲ್ಲಿ ಈ ತಪ್ಪು ಹತ್ತಿಪ್ಪತ್ತು ಸೆಂಟಿಮೀಟರಿಗೆ ಇಳಿಯುತ್ತದೆ. 2000ದ ಆ ರೇಡಾರ್ ಸಮೀಕ್ಷೆಯ ನಂತರ ನದಿ ಪಕ್ಕದ ರಸ್ತೆಯನ್ನು ಎತ್ತರಿಸಿದ್ದಾರೆ, ಅದರಡಿ ಇಟ್ಟ ಮೋರಿಗಳು ಕಿರಿದಾದವು, ತಗ್ಗಿನ ಕೆರೆಯಂಗಳ ಬಡಾವಣೆಯಾಯಿತು. ಇವ್ಯಾವುವೂ ನಕ್ಷೆಯಲ್ಲಿಲ್ಲ. ನಕ್ಷೆಯನ್ನು ಹೊಸದಾಗಿ ಮಾಡಿಸಿ.

ಕೆಲಸ ಅಸಾಧ್ಯವಾದದ್ದೇನಲ್ಲ. 2014ರಲ್ಲಿ ಹಾರಿಬಿಟ್ಟ ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡ ಕವಿದಿದ್ದರೂ, ರಾತ್ರಿಯಾಗಿದ್ದರೂ ನೀರು ನಿಂತ ನೆಲವನ್ನು ಗುರುತಿಸುತ್ತದೆ; ಅದರ ಚಿತ್ರಗಳು ಯಾರಿಗಾದರೂ ಉಚಿತ. ಹಿಂದಿನ ಪ್ರವಾಹಗಳ ಆ ಚಿತ್ರಗಳನ್ನು ಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತಮ್ಮ ನೀಲಿ ವಲಯದ ಮೇಲೆ ಇಟ್ಟು ನೋಡಿದರೆ ಎಲ್ಲಿ ತಪ್ಪಿದೆ ಎಂಬುದು ಬಹುಮಟ್ಟಿಗೆ ಕಾಣುತ್ತದೆ. ಒತ್ತೊತ್ತಾಗಿ ಮನೆಗಳಿರುವ ಕಡೆ ರೇಡಾರ್ ತಡವರಿಸುತ್ತದೆ, ನಿಜ. ಅದಕ್ಕೇ ಗೋಡೆಗಳ ಮೇಲಿನ ಕೆಸರಿನ ಗೆರೆಗಳನ್ನು ಅಳೆಯಬೇಕು ಎನ್ನುತ್ತಿರುವುದು. ಯುರೋಪ್ ಒಕ್ಕೂಟದ 2007ರ ಪ್ರವಾಹ ನಿರ್ದೇಶನದಂತೆ ಅಲ್ಲಿ ಆರು ವರ್ಷಕ್ಕೊಮ್ಮೆ ಇಂಥ ನಕ್ಷೆಗಳ ಮರುಪರಿಶೀಲನೆ ನಡೆಯಲೇಬೇಕು. ನಮ್ಮ ನಕ್ಷೆಯನ್ನು ಒಮ್ಮೆಯೂ ಯಾರೂ ಮುಟ್ಟಿಲ್ಲ.

ಪರಿಹಾರದ ಹಣಕ್ಕಾಗಿ ನಾನು ಇನ್ನು ಅಲೆಯುವುದಿಲ್ಲ. ಪ್ರವಾಹ ಅಪಾಯ ನಕ್ಷೆಯನ್ನು ಹೊಸದಾಗಿ ಮಾಡಿಸಿ, ನಿವೇಶನವಾರು ನೀರಿನ ಆಳ ಕಾಣುವಂತೆ ಪ್ರಕಟಿಸಿ, ಮುಂದಿನ ಮಳೆಗಾಲದೊಳಗೆ ಮಾಡಿಸಿ. ಅಳತೆಗಾರರನ್ನು ಯಾವತ್ತು ಕಳುಹಿಸಿದರೂ ಬಾಗಿಲು ತೆರೆಯುತ್ತೇನೆ. ಗೆರೆ ಇನ್ನೂ ಗೋಡೆಯ ಮೇಲಿದೆ.

ಇಂತಿ,
ವಲಯದ ಹೊರಗಿನವಳೆಂದು ಬರೆಸಿಕೊಂಡ ನಿವಾಸಿ