ನ್ಯೂರೆಂಬರ್ಗಿನಲ್ಲಿ ಮೆಣಸಿನ ದುಡ್ಡು

ಎರ್ಲಾಂಗನ್, ಜರ್ಮನಿ,
ಸೆಪ್ಟೆಂಬರ್ ಕೊನೆ

ಅಪ್ಪಯ್ಯ, ಆಯಿ, ಅಜ್ಜಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಅಜ್ಜಿಗೆ ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆಯಿ, ನೀನು ಗಟ್ಟಿಯಾಗಿ ಓದಿ ಹೇಳು.

ಪರೀಕ್ಷೆ ಮುಗಿಯಿತು, ರಜೆ ಸಿಕ್ಕಿತು. ತಿಂಗಳ ಪಾಸು ಇದ್ದರೆ ಇಲ್ಲಿ ಲೋಕಲ್ ರೈಲಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ನಾನು, ನನ್ನ ಮಂಡ್ಯದ ಗೆಳತಿ, ಇಬ್ಬರೂ ಸುತ್ತಮುತ್ತಲಿನ ಹಳೇ ಊರುಗಳನ್ನು ನೋಡಿಕೊಂಡು ಬಂದೆವು.

ಅಪ್ಪಯ್ಯ, ಮೊದಲು ನಿಮಗೆ ಹೇಳಬೇಕಾದ ವಿಷಯ. ನ್ಯೂರೆಂಬರ್ಗಿನ ದೊಡ್ಡ ಮ್ಯೂಸಿಯಂನಲ್ಲಿ ಒಂದು ಭೂಗೋಳ ಇದೆ. ಮಾರ್ಟಿನ್ ಬೆಹೈಮ್ ಅನ್ನುವವನು 1492ರಲ್ಲಿ ಮಾಡಿಸಿದ್ದು. ಈಗ ಉಳಿದಿರುವ ಭೂಗೋಳಗಳಲ್ಲೆಲ್ಲ ಅದೇ ಹಳೆಯದು. ಅದರಲ್ಲಿ ಅಮೆರಿಕ ಇಲ್ಲ. ಕೊಲಂಬಸ್ ಆಗಿನ್ನೂ ವಾಪಸ್ ಬಂದಿರಲಿಲ್ಲವಲ್ಲ! ಬಣ್ಣ ಎಲ್ಲ ಕಪ್ಪಿಟ್ಟಿದೆ. ಮೈತುಂಬ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿದ್ದಾರೆ. ಹಳೇ ಜರ್ಮನ್, ನನಗೆ ಓದಲು ಬರುವುದಿಲ್ಲ. ಆಮೇಲೆ ಅದರ ಇಂಗ್ಲಿಷ್ ಅನುವಾದ ಹುಡುಕಿ ಓದಿದೆ. ಒಂದು ಕಡೆ ಸಾಂಬಾರ ಪದಾರ್ಥಗಳ ವಿಷಯ ಇದೆ. ಪೂರ್ವದ ದ್ವೀಪಗಳಲ್ಲಿ ಕೊಂಡ ಮಾಲು ಇಲ್ಲಿಗೆ ಬರುವಷ್ಟರಲ್ಲಿ ಹನ್ನೆರಡು ಕೈ ದಾಟುತ್ತದಂತೆ. ದಾರಿಯುದ್ದಕ್ಕೂ ಸುಂಕ, ಪ್ರತಿಯೊಬ್ಬನಿಗೂ ಲಾಭ. ಅದಕ್ಕೇ ಇಲ್ಲಿ ಅಷ್ಟು ದುಬಾರಿ ಅಂತ ಬರೆದಿದ್ದಾರೆ. ಪ್ರತಿ ವರ್ಷ ಮೆಣಸು ಮಾರಿ ಬಂದ ದಿನ ಜಗಲಿಯಲ್ಲಿ ಕುಳಿತು ನೀವು ಹೇಳುವುದೂ ಇದನ್ನೇ ಅಲ್ವಾ?

ಆ ಹನ್ನೆರಡನೇ ಕೈ ಎಷ್ಟು ದುಡ್ಡು ಮಾಡಿತು ಅನ್ನುವುದನ್ನು ಅದೇ ಊರಲ್ಲಿ ನೋಡಬಹುದು. ಸಂತ ಲೊರೆನ್ಸ್ ಚರ್ಚಿನ ಒಳಗೆ ಒಂದು ಕಲ್ಲಿನ ಗೋಪುರ ಇದೆ. ಪ್ರಸಾದದ ರೊಟ್ಟಿ ಇಡಲು ಮಾಡಿದ್ದು. ಎತ್ತರ ಸುಮಾರು 20 ಮೀಟರ್. ತುದಿ ಛಾವಣಿಗೆ ತಾಗುವ ಹಾಗಾದಾಗ ಹಾಗೇ ಸುರುಳಿ ಸುತ್ತಿ ಬಾಗಿದೆ. ಕಲ್ಲು ಅನ್ನಿಸುವುದೇ ಇಲ್ಲ. ಆಡಂ ಕ್ರಾಫ್ಟ್ ಎಂಬ ಶಿಲ್ಪಿ 1493ರಿಂದ 1496ರ ತನಕ ಕೆತ್ತಿದ್ದು. ಬುಡದಲ್ಲಿ ತನ್ನದೇ ಮೂರ್ತಿ ಮಾಡಿಕೊಂಡಿದ್ದಾನೆ. ಗಡ್ಡ ಬಿಟ್ಟು, ತಲೆಗೆ ಟೋಪಿ ಹಾಕಿ, ಕೈಯಲ್ಲಿ ಸುತ್ತಿಗೆ ಹಿಡಿದು, ಮಂಡಿಯೂರಿ ಇಡೀ ಗೋಪುರವನ್ನು ಬೆನ್ನ ಮೇಲೆ ಹೊತ್ತಿದ್ದಾನೆ. ನಾನು ಆ ಮುಖವನ್ನೇ ತುಂಬ ಹೊತ್ತು ನೋಡುತ್ತಾ ನಿಂತೆ. ಭಕ್ತಿಗಿಂತ ಸುಸ್ತೇ ಜಾಸ್ತಿ ಕಾಣುತ್ತದೆ. ದುಡ್ಡು ಕೊಟ್ಟವನು ಹಾನ್ಸ್ ಇಮ್ಹೋಫ್. ಮನೆತನದ ವ್ಯಾಪಾರದಲ್ಲಿ ಸಾಂಬಾರ ಪದಾರ್ಥಗಳದ್ದು ದೊಡ್ಡ ಪಾಲು. ವೆನಿಸ್‌ನಿಂದ ಬರುತ್ತಿದ್ದ ಮಾಲು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ದೊಡ್ಡ ದಂಡು ಕಟ್ಟಿಕೊಂಡು ಲಿಸ್ಬನ್ ಬಿಟ್ಟನಲ್ಲ, ಅದರಲ್ಲಿ ಮೂರು ಹಡಗುಗಳಿಗೆ ಜರ್ಮನ್ ವ್ಯಾಪಾರಿಗಳು ಬಂಡವಾಳ ಹಾಕಿದ್ದರು. ಆಗ್ಸ್‌ಬರ್ಗಿನ ಫುಗ್ಗರ್, ವೆಲ್ಸರ್. ಜೊತೆಗೆ ಈ ಊರಿನ ಹಿರ್ಶ್‌ಫೋಗೆಲ್, ಇದೇ ಇಮ್ಹೋಫ್ ಮನೆತನ. ಮಧ್ಯದ ಕೈಗಳನ್ನು ಬಿಟ್ಟು ನೇರ ಕೊಳ್ಳೋಣ ಅಂತ ಲೆಕ್ಕ. ಆ ದಂಡು ಎಲ್ಲಿಗೆ ಬಂತು ಗೊತ್ತಾ? ಕಾರವಾರದ ಹತ್ತಿರದ ಅಂಜುದೀವಕ್ಕೆ. ಅಲ್ಲಿ ಕೋಟೆ ಕಟ್ಟಿ, ಆಮೇಲೆ ನಮ್ಮ ಹೊನ್ನಾವರಕ್ಕೆ ಬಂದು ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿ ಹಚ್ಚಿತು. ಶಾಲೆಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ, ಮೆಣಸಿನ ರಾಣಿ ಅಂತ ಓದಿದ್ದೆ. ಈ ಕಡೆಯ ಕಥೆಯನ್ನು ಯಾರೂ ಹೇಳಿರಲಿಲ್ಲ. ಚರ್ಚು ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇದನ್ನು ತಿಳಿದ ಮೇಲೆ ಸುಮ್ನೆ ಚಂದ ಅಂತ ನೋಡಿ ಬರಲು ಆಗಲಿಲ್ಲ.

ಇನ್ನೊಂದು ವಿಷಯ. ನ್ಯೂರೆಂಬರ್ಗಿನಲ್ಲಿ ಹಳೆಯದಾಗಿ ಕಾಣುವುದೆಲ್ಲ ಹಳೆಯದಲ್ಲ. 1945ರ ಜನವರಿ 2ರ ರಾತ್ರಿ ಬಾಂಬು ಬಿದ್ದು ಹಳೇ ಪೇಟೆಯ ಬಹುಪಾಲು ನೆಲಸಮ ಆಯಿತು. ಆಮೇಲೆ ಅದೇ ಬೀದಿಗಳ ಗೆರೆಯಲ್ಲಿ, ಹಳೇ ಮಾಡಿನ ಇಳಿಜಾರು ಉಳಿಸಿಕೊಂಡು ಮತ್ತೆ ಕಟ್ಟಿದರು. ಚರ್ಚುಗಳ ಒಳಗೇ ಹಾಳುಬಿದ್ದ ಕಾಲದ ಫೋಟೋ ಇಟ್ಟಿದ್ದಾರೆ. ಮುಚ್ಚಿಡುವುದಿಲ್ಲ. ಅದು ನನಗೆ ಹಿಡಿಸಿತು. ಆದರೆ ಸಂತೆ ಚೌಕದಲ್ಲಿ ಬೇಸರ ಆಯಿತು. ಅಲ್ಲಿನ ಚರ್ಚಿನ ಗಡಿಯಾರದಲ್ಲಿ ಮಧ್ಯಾಹ್ನ 12ಕ್ಕೆ ಗೊಂಬೆಗಳು ಹೊರಬಂದು ನಾಲ್ಕನೇ ಕಾರ್ಲ್ ಚಕ್ರವರ್ತಿಗೆ ಮೂರು ಸುತ್ತು ಬರುತ್ತವೆ. ಮಕ್ಕಳು ಕುಣಿಯುತ್ತಾರೆ, ಎಲ್ಲರ ಫೋನು ಮೇಲೆ. ಆ ಜಾಗದಲ್ಲಿ ಮೊದಲು ಇದ್ದದ್ದು ಯಹೂದಿಗಳ ಪ್ರಾರ್ಥನಾ ಮಂದಿರ. 1349ರಲ್ಲಿ ನೂರಾರು ಯಹೂದಿಗಳನ್ನು ಕೊಂದು, ಅವರ ಕೇರಿ ಕೆಡವಿ ಚೌಕ ಮಾಡಿದರು. ಕೇರಿ ಕೆಡವಲು ಒಪ್ಪಿಗೆ ಕೊಟ್ಟವನು ಅದೇ ಚಕ್ರವರ್ತಿ.

ಕೋಟೆಯ ಬಾವಿಯನ್ನು ನೀವು ನೋಡಬೇಕಿತ್ತು ಅಪ್ಪಯ್ಯ. ಬಂಡೆ ಕೊರೆದು ತೋಡಿದ್ದು, ಸುಮಾರು 50 ಮೀಟರ್ ಆಳ. ತೋರಿಸುವವರು ಸ್ವಲ್ಪ ನೀರು ಸುರಿದು ಸುಮ್ಮನೆ ನಿಂತರು. ಎಲ್ಲರೂ ಉಸಿರು ಬಿಗಿಹಿಡಿದೆವು. ಇನ್ನು ಬರುವುದಿಲ್ಲ ಅನ್ನುವಾಗ ಕೆಳಗಿನಿಂದ ಸದ್ದು ಬಂತು. ಆಮೇಲೆ ಮೇಣದಬತ್ತಿ ಇಟ್ಟ ತಟ್ಟೆ ಇಳಿಬಿಟ್ಟರು. ಪಂಪು ಇಲ್ಲದ ಕಾಲದಲ್ಲಿ ಸೇದಿದವರ ಕೈ ಹೇಗಿತ್ತೋ!

ಆಯಿ, ಊಟದ್ದು ಹೇಳುತ್ತೇನೆ. ಇಲ್ಲಿಯ ಹೆಸರುವಾಸಿ ತಿನಿಸು ಬೆರಳುದ್ದದ ಸಾಸೇಜು. ಮೂರು ಸುಟ್ಟು ಬನ್ನಿನೊಳಗೆ ಇಟ್ಟು ಕೊಡುತ್ತಾರೆ. ಗೆಳತಿ ಹೊಟ್ಟೆ ತುಂಬ ತಿಂದಳು. ನನಗೆ ಸಿಕ್ಕಿದ್ದು ಕ್ಲೋಸೆ. ಹಸಿ ಆಲೂಗಡ್ಡೆ ತುರಿದು, ನೀರು ಹಿಂಡಿ, ನಡುವೆ ಹುರಿದ ಬ್ರೆಡ್ ಚೂರು ಇಟ್ಟು ಉಂಡೆ ಕಟ್ಟಿ ಬೇಯಿಸುತ್ತಾರೆ. ಮೇಲೆ ಹುಯ್ಯುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದೇ. ಕೇಳಿಯೇ ತಿನ್ನಬೇಕು. ಅಣಬೆ ಸಾರು ಹಾಕಿಸಿಕೊಂಡೆ. ಉಪ್ಪು ಸರಿ ಇತ್ತು, ಖಾರ ಅಂತ ಏನೂ ಇಲ್ಲ. ಮೆಣಸಿಗಾಗಿ ಅಷ್ಟು ಹೊಡೆದಾಡಿದವರ ಊರಲ್ಲಿ!

ಬಾಂಬರ್ಗ್ ಬೇರೆ ಥರ. ಯುದ್ಧದಲ್ಲಿ ಹೆಚ್ಚು ಹಾಳಾಗದೆ ಉಳಿದ ಊರು. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಪುರಭವನ ಹೊಳೆಯ ನಡುವೆ ಇದೆ. ಬಿಷಪ್ ಜಾಗ ಕೊಡಲಿಲ್ಲ, ಅದಕ್ಕೆ ಜನ ಹೊಳೆಯಲ್ಲೇ ಕಟ್ಟಿಕೊಂಡರು ಅಂತ ಕಥೆ. ನಿಜವೋ ಸುಳ್ಳೋ, ಹಟ ನನಗೆ ಇಷ್ಟವಾಯಿತು. ಗೋಡೆಗೆಲ್ಲ ಚಿತ್ರ ಬರೆದಿದ್ದಾರೆ. ಒಂದು ದೇವತೆ ಮಗುವಿನ ಕಾಲು ಮಾತ್ರ ಚಿತ್ರದಿಂದ ಆಚೆ ಬಂದು ನಿಜವಾಗಿಯೂ ನೇತಾಡುತ್ತಿದೆ. ಅಲ್ಲಿನ ಬಿಯರ್ ಮಾಡುವ ಕಾಳನ್ನು ಬೀಚ್ ಮರದ ಹೊಗೆಯಲ್ಲಿ ಒಣಗಿಸುತ್ತಾರೆ. ಗಾಬರಿ ಬೇಡ ಆಯಿ, ನಾನು ಮೂಸಿ ನೋಡಿದ್ದಷ್ಟೆ. ಥೇಟ್ ನಮ್ಮ ಬಚ್ಚಲ ಒಲೆಯ ವಾಸನೆ.

ಅಜ್ಜಿ, ಆ ಊರಿನ ತೋಟದವರು ಹಿಂದೆ ಜೇಷ್ಠಮಧು ಬೆಳೆದು ದೂರದೂರಕ್ಕೆ ಮಾರುತ್ತಿದ್ದರಂತೆ. ನೀವು ಕೆಮ್ಮಿಗೆ ಕೊಡುವುದೇ. ನಡುವೆ ನಿಂತೇಹೋಗಿತ್ತು, ಈಗ ಮತ್ತೆ ಸ್ವಲ್ಪ ಹಾಕುತ್ತಿದ್ದಾರೆ. ಊರ ಮಧ್ಯದಲ್ಲೇ ತರಕಾರಿ ತೋಟಗಳಿವೆ. ಮನೆ ಸಾಲು ರಸ್ತೆಗೆ, ತೋಟ ಹಿಂದೆ.

ರೇಗನ್ಸ್‌ಬರ್ಗಿನಲ್ಲಿ ಮಳೆ. ಡ್ಯಾನ್ಯೂಬ್ ಮೇಲಿನ ಕಲ್ಲಿನ ಸೇತುವೆ ದಾಟಿ ಬಂದೆವು, ಅಷ್ಟೇ. 1135ರಿಂದ 1146ರೊಳಗೆ ಕಟ್ಟಿದ್ದು, ಇವತ್ತಿಗೂ ಗಟ್ಟಿ. ಸೇತುವೆ ಕಟ್ಟಿದವನೂ ಚರ್ಚು ಕಟ್ಟಿದವನೂ ಪಂದ್ಯ ಹಾಕಿ, ಸೇತುವೆಯವನು ಸೈತಾನನ ಸಹಾಯ ಪಡೆದು ಗೆದ್ದ ಅಂತ ಕಥೆ ಹೇಳುತ್ತಾರೆ. ಈಗಿರುವ ಚರ್ಚಿನ ಕೆಲಸ ಶುರುವಾಗಿದ್ದೇ ಸೇತುವೆ ಮುಗಿದು ನೂರು ವರ್ಷದ ಮೇಲೆ!

ಕೊಳೆ ಔಷಧಿ ಹೊಡೆದು ಆಯಿತಾ? ಈ ಸಲ ಬಳ್ಳಿ ಹೇಗಿದೆ, ಧಾರಣೆ ಎಷ್ಟಿದೆ, ಬರೆಯಿರಿ. ಇಲ್ಲಿ ಅಂಗಡಿಯಲ್ಲಿ ಮೆಣಸು ಪುಟ್ಟ ಪುಟ್ಟ ಬಾಟಲಿಯಲ್ಲಿ ಸಿಗುತ್ತದೆ. ಬೆಲೆ ಹೇಳಿದರೆ ನಿಮಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಬರುವಾಗ ಲೇಬ್‌ಕೂಖನ್ ತರುತ್ತೇನೆ. ಕ್ರಿಸ್‌ಮಸ್ ಇನ್ನೂ ದೂರ ಇದ್ದರೂ ಅಂಗಡಿಗೆ ಆಗಲೇ ಬಂದಿದೆ. ದಾಲ್ಚಿನ್ನಿ, ಲವಂಗ, ಏಲಕ್ಕಿ ಹಾಕಿದ ಮೆತ್ತನೆ ಬಿಸ್ಕತ್ತು. ಒಳ್ಳೆಯದರಲ್ಲಿ ಹಿಟ್ಟು ಕಡಿಮೆ, ಬಾದಾಮಿ, ಹೇಜಲ್‌ನಟ್‌ನಂಥ ಬೀಜಗಳೇ ಜಾಸ್ತಿ. ಅಜ್ಜಿ, ಹೆಚ್ಚಿನವಕ್ಕೆ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆ ಇಲ್ಲದ್ದೂ ಸಿಗುತ್ತದೆ. ನಿಮಗೆ ಅದನ್ನೇ ಬೇರೆ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬರುತ್ತೇನೆ.

ನಿಮ್ಮ ಪ್ರೀತಿಯ ಮಗಳು